ಊರು ಬಿಟ್ಟು ಊರು ಕಟ್ಟಿದುದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಒಂದು ಮನೆಯನ್ನು ಕಟ್ಟುವುದೇ ಇಷ್ಟು ಪ್ರಯಾಸದ ಕಾರ್ಯವಾದರೆ, ಒಂದು ಪಟ್ಟಣದ ಸಾವಿರಾರು ಸಂಸಾರಗಳನ್ನು ಇದ್ದ ನೆಲೆಯಿಂದ ಎಬ್ಬಿಸಿ ಬೇರೊಂದೆಡೆ ನೆಲೆಗೊಳಿಸುವುದು ಎಂತಹ ಕಾರ್ಯವಾಗಿರಬೇಕು! ಈ ಪರೀಕ್ಷೆ ನಮ್ಮ ನಾಡಿನಲ್ಲಿ ಘಟಪ್ರಭೆಯ ದಡದ ಬಾಗಲಕೋಟೆಗೆ ಒದಗಿತು. ಅದರ ವೃತ್ತಾಂತವನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಕಟ್ಟಬೇಕೆಂದಿದ್ದ ಅಣೆಕಟ್ಟಿಗೆ 1964ನೆಯ ಇಸವಿಯ ಮೇ ತಿಂಗಳಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. ಬರದ ನಾಡಿಗೆ ನೀರು ಬರುವುದೆಂಬ ಸಂತೋಷ ಒಂದು ಕಡೆ. ಅದೇ ನೀರು ಉಪನದಿಯಾದ ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು ಬಾಗಲಕೋಟೆಯ ಓಣಿಗಳನ್ನು ಹೊಗುವುದೆಂಬ ವ್ಯಸನ ಇನ್ನೊಂದು ಕಡೆ. ಒಬ್ಬರ ಹೊಲಕ್ಕೆ ನೀರಾಗಬೇಕಾದರೆ ಇನ್ನೊಬ್ಬರ ಮನೆ ನೀರುಪಾಲಾಗಬೇಕು. ಹೀಗೆ ಬಿಟ್ಟುಕೊಟ್ಟವರಿಗೆ ನಾಡು ತೀರಿಸಬೇಕಾದ ಋಣ ಎಷ್ಟು ಎಂಬುದೇ ಈ ಚರಿತ್ರೆಯ ಮುಖ್ಯ ಪ್ರಶ್ನೆಯೆಂದು ನಮಗೆ ತೋರುತ್ತದೆ.

ಹೊಸ ಬಡಾವಣೆಗಳನ್ನು ನಿರ್ಮಿಸುವುದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ಬೆಂಗಳೂರಿನಲ್ಲಿ 1898ರ ಪ್ಲೇಗು ಮಾರಿಯ ತರುವಾಯ ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದುವು. ಮೈಸೂರಿನಲ್ಲಿ 1903ರಲ್ಲಿಯೇ ನಗರಾಭಿವೃದ್ಧಿ ಮಂಡಳಿ ಸ್ಥಾಪಿತವಾಯಿತು. ಆದರೆ ಅಲ್ಲಿ ಹಳೆಯ ಪೇಟೆ ಇದ್ದಲ್ಲಿಯೇ ಉಳಿಯಿತು. ಮನಸ್ಸಿಲ್ಲದವನು ಹೋಗದೆ ಇರಬಹುದಾಗಿತ್ತು. ಬಾಗಲಕೋಟೆಯ ತಗ್ಗಿನ ಓಣಿಗಳವರಿಗೆ ಆ ಸ್ವಾತಂತ್ರ್ಯವಿರಲಿಲ್ಲ.

ಅವರು ಬಿಟ್ಟುಬಂದ ಮನೆಗಳಾದರೂ ಎಂತಹವು? ಆ ಸೀಮೆಯ ಹಳೆಯ ಮನೆಗೆ ಕಲ್ಲುಮಣ್ಣಿನ ದಪ್ಪನಾದ ಗೋಡೆ; ತೊಲೆಜಂತಿಗಳ ಮೇಲೆ ಮಣ್ಣು ಹಾಸಿ ಗಟ್ಟಿಮಾಡಿದ ಮೇಲ್ಮುದ್ದೆಯ ಮಾಳಿಗೆ; ಅದರ ನಡುವೆ ಬೆಳಕಿಂಡಿ. ಚೈತ್ರ ವೈಶಾಖದ ಬಿಸಿಲಿನಲ್ಲಿಯೂ ಒಳಗೆ ತಂಪು. ಬಾಗಿಲ ಮುಂದಿನ ಕಟ್ಟೆ ಮನೆಯವರಿಗೆ ಎಷ್ಟೋ ಓಣಿಯವರಿಗೂ ಅಷ್ಟೇ. ಬಡವನ ಮನೆ ಒಂದೇ ಅಂಕಣದ್ದಾದರೂ, ಕಟ್ಟೆ, ಮಾಳಿಗೆ, ಓಣಿ ಇವೆಲ್ಲ ಸೇರಿ ಅವನ ವಾಸ ವಿಸ್ತಾರವಾಗುತ್ತಿತ್ತು. ಇದನ್ನು ಅಳೆಯುವ ಅಳತೆಗೋಲು ಯಾವ ಕಚೇರಿಯಲ್ಲಿಯೂ ಇಲ್ಲ. ಗೋಡೆಗೆ ಬೆಲೆ ಕಟ್ಟಬಹುದು. ನೆರೆಯವರಿಗೆ ಬೆಲೆ ಕಟ್ಟುವರಾರು?

ಹೊಸ ಊರನ್ನು ಕಟ್ಟುವುದಕ್ಕಾಗಿ 1983ರ ಶಾಸನದ ಮೂಲಕ ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರದ ಏರ್ಪಾಡಾಯಿತು. ಪ್ರಸಿದ್ಧ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ ಅವರು ನಗರದ ಯೋಜನೆಯಲ್ಲಿ ಪಾಲುಗೊಂಡರು. ಇದೇ ಕಾಲದಲ್ಲಿ ಅವರು ಮುಂಬಯಿಯ ಸಮೀಪದ ಬೇಲಾಪುರದಲ್ಲಿ ಅಲ್ಪವೆಚ್ಚದ ಮನೆಗಳನ್ನು ರಚಿಸುತ್ತಿದ್ದರು. ಅಲ್ಲಿ ಕೆಲವು ಮನೆಗಳಿಗೆ ನಡುವೆ ಒಂದು ಸಾಮಾನ್ಯ ಅಂಗಳ. ಪ್ರತಿಯೊಂದು ಮನೆಗೂ ತನ್ನದೇ ಆದ ತುಂಡು ನೆಲ. ನೆರೆಮನೆಯೊಡನೆ ಕೂಡುಗೋಡೆಯಿಲ್ಲದುದರಿಂದ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಒಂದು ಕೋಣೆಯನ್ನು ಬೆಳೆಸಿಕೊಳ್ಳುವ ಅನುಕೂಲ. ಬಡವನ ಮನೆ ಒಂದೇ ದಿನ ಮುಗಿಯುವ ವಸ್ತುವಲ್ಲ, ಸಂಸಾರದೊಡನೆ ಬೆಳೆಯುವ ವಸ್ತು ಎಂಬುದು ಇದರ ಮರ್ಮ. ನಮ್ಮ ಹಳ್ಳಿಗರು ಇದನ್ನು ಯಾರೂ ಕಲಿಸದೆಯೇ ಬಲ್ಲರು.

ಹೀಗೆ ನವನಗರ ಎದ್ದಿತು. ಬೀದಿಗಳು ಅಗಲ, ನಿವೇಶನಗಳು ಅಚ್ಚುಕಟ್ಟು. 1997ರಲ್ಲಿ ಬಾಗಲಕೋಟೆ ಜಿಲ್ಲೆಯ ಮುಖ್ಯಪಟ್ಟಣವಾದ ಮೇಲೆ ಸರಕಾರದ ಕಚೇರಿಗಳು ಇಲ್ಲಿಗೆ ಬಂದು, ಊರಿಗೆ ಒಂದು ಗೌರವವೂ ಸಂಪಾದನೆಯ ದಾರಿಯೂ ದೊರೆತುವು. ಈ ಲಾಭವನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಹಳೆಯ ಊರಿನಲ್ಲಿ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಹೆಸರುಗಳಿದ್ದುವು; ಹೋಳಿಯ ಬಣ್ಣದಾಟ ಈ ಪೇಟೆಗಳ ಸರದಿಯಂತೆ ನಡೆಯುತ್ತ ಬಂದಿತು. ಹೊಸ ಊರಿನಲ್ಲಿ ಸೆಕ್ಟರುಗಳಿಗೆ ಅಂಕಿಗಳಿವೆ. ಅಂಕಿಯ ಮೇಲೆ ಅಭಿಮಾನ ಹುಟ್ಟಲು ಒಂದು ತಲೆಮಾರಾದರೂ ಬೇಕು.

ಇನ್ನೊಂದು ಸಂಗತಿ. ನಿವೇಶನವೆಂಬುದು ಮನೆಯಲ್ಲ. ಹಣವುಳ್ಳವನು ಅದರ ಮೇಲೆ ಮಹಡಿ ಎಬ್ಬಿಸುವನು. ಇಲ್ಲದವನು ಅದನ್ನೇ ಮಾರಿ ಮತ್ತೆ ಬಾಡಿಗೆಯ ಮನೆಗೆ ಸೇರುವನು. ಆದಕಾರಣ ನೆಲ ಕೊಟ್ಟರೆ ಋಣ ತೀರಿತೆಂದು ಭಾವಿಸಲಾಗದು.

ಮನೆಯೆಂದರೆ ದುಡಿಮೆಯ ಸ್ಥಳವೂ ಹೌದೆಂಬುದನ್ನು ಇಳಕಲ್ಲಿನಲ್ಲಿ ನೋಡಬೇಕು. ನೇಕಾರನು ಮನೆಯ ನೆಲದಲ್ಲಿ ಗುಣಿ ತೋಡಿ ಮಗ್ಗ ಹೂಡುತ್ತಾನೆ. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಸೇರಿಸುವಾಗ ಮನೆಮಂದಿಯ ಕೈಗಳೆಲ್ಲ ಬೇಕು. ಅಂತಹವನಿಗೆ ಮಗ್ಗದ ಉದ್ದಕ್ಕೆ ಸಾಲದ, ಮೂರನೆಯ ಅಂತಸ್ತಿನ ಕೋಣೆಯನ್ನು ಕೊಟ್ಟರೆ, ಮನೆಯನ್ನು ಕೊಟ್ಟು ಅನ್ನವನ್ನು ಕಿತ್ತುಕೊಂಡಂತೆ ಆಗುವುದು.

ಈ ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ನಿದರ್ಶನವೂ ಹತ್ತಿರದಲ್ಲಿಯೇ ಉಂಟು. 2009ರ ಮಹಾಪ್ರವಾಹದಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ದಂಡೆಯ ಹಳ್ಳಿಗಳು ತತ್ತರಿಸಿದುವು. ಸರಕಾರವು ದಾನಿಗಳ ನೆರವಿನೊಡನೆ ‘ಆಸರೆ’ ಎಂಬ ಹೆಸರಿನಲ್ಲಿ ಮನೆಗಳನ್ನು ಕಟ್ಟಿಸಿತು. ಉದ್ದೇಶ ಉದಾತ್ತವಾದುದೇ. ಆದರೂ ಅವುಗಳಲ್ಲಿ ಅನೇಕ ಮನೆಗಳು ವಾಸವಿಲ್ಲದೆ ಬಿದ್ದುವು. ಎತ್ತುಗಳನ್ನು ಕಟ್ಟಲು ಎಡೆಯಿಲ್ಲ, ಕಾಳು ಕಡಿಯನ್ನಿಡಲು ಜಾಗವಿಲ್ಲ, ಹೊಲವೋ ದೂರ. ಜನ ಹಳೆಯ ಊರಿಗೇ ಮರಳಿದರು. 2019ರಲ್ಲಿ ಹೊಳೆ ಮತ್ತೆ ಬಂದಿತು. ಮರಳಿದವರನ್ನು ಮೂಢರೆನ್ನುವುದು ಸುಲಭ. ಅವರನ್ನು ಮೊದಲೇ ಕೇಳುವುದು ವಿವೇಕ.

ಬಾಗಲಕೋಟೆಯ ಕಥೆ ಇನ್ನೂ ಮುಗಿದಿಲ್ಲ. ಜಲಾಶಯದಲ್ಲಿ ಮೊದಲು 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲಾಯಿತು. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 524.256 ಮೀಟರ್‌ವರೆಗೆ ಸಮ್ಮತಿಯಿತ್ತಿತು. ಆ ಮಟ್ಟಕ್ಕೆ ನೀರು ಏರಿದ ದಿನ ಮತ್ತಷ್ಟು ಸಂಸಾರಗಳು ಗಂಟು ಕಟ್ಟಬೇಕಾಗುವುದು. ಅವರಿಗಾಗಿ ನಕ್ಷೆ ಬರೆಯುವವರು ಕಾಗದವನ್ನು ಬಿಡಿಸುವ ಮುನ್ನ ಹಳೆಯ ಓಣಿಯ ಕಟ್ಟೆಯೊಂದರ ಮೇಲೆ ಒಂದು ಸಂಜೆ ಕುಳಿತುಬರಲಿ. ಯಾರ ಮನೆಯ ಪಕ್ಕಕ್ಕೆ ಯಾರ ಮನೆ ಇರಬೇಕು, ಕಟ್ಟೆ ಎಷ್ಟು ಅಗಲವಿರಬೇಕು, ದನಕ್ಕೂ ಮಗ್ಗಕ್ಕೂ ಎಲ್ಲಿ ಎಡೆ ಎಂಬುದನ್ನು ಅಲ್ಲಿನವರು ಹೇಳಬಲ್ಲರು. ಮನೆಯನ್ನು ಸರಕಾರ ಕಟ್ಟಿಸಬಹುದು. ಊರನ್ನು ಕಟ್ಟಬೇಕಾದವರು ಅದರಲ್ಲಿ ಬಾಳತಕ್ಕವರೇ.