ಕಾರ್ಯಸಾಧನೆ ಆಧಾರಿತ ರಸ್ತೆ ನಿರ್ವಹಣಾ ಗುತ್ತಿಗೆ

ಸುರಿದ ಡಾಂಬರಿನ ಪ್ರಮಾಣಕ್ಕೆ ಬದಲಾಗಿ ರಸ್ತೆ ಇರುವ ಸ್ಥಿತಿಗೆ ಹಣ ಪಾವತಿಸುವ ವಿಧಾನ. ಗುಂಡಿ ಎಷ್ಟು ದಿನದೊಳಗೆ ಮುಚ್ಚಬೇಕು, ಮೇಲ್ಮೈ ಎಷ್ಟು ಸಮವಾಗಿರಬೇಕು, ಚರಂಡಿ ಹೇಗಿರಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ, ತಪ್ಪಿದರೆ ಬಿಲ್ಲಿನಲ್ಲಿ ಕಡಿತ ಮಾಡಲಾಗುತ್ತದೆ. ಗುಂಡಿ ಹೆಚ್ಚಿದಷ್ಟೂ ಗುತ್ತಿಗೆದಾರನಿಗೆ ಕೆಲಸ ಹೆಚ್ಚುವ ಹಳೆಯ ವಿಪರ್ಯಾಸಕ್ಕೆ ಇಲ್ಲಿ ಎಡೆಯಿಲ್ಲ. 1990ರ ದಶಕದಲ್ಲಿ ಅರ್ಜೆಂಟೀನಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬೇರೂರಿತು.

ಬೆಂಗಳೂರಿನ ಹೊರವಲಯದಲ್ಲಿ ಇದಕ್ಕೆ ಹತ್ತಿರದ ರೂಪ ಟೋಲ್ ರಸ್ತೆ. 2010ರಲ್ಲಿ ತೆರೆದ, ಸುಮಾರು 10 ಕಿ.ಮೀ. ಉದ್ದದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯನ್ನು ಟೋಲ್ ವಸೂಲಿಯ ಹಕ್ಕು ಪಡೆದ ಕಂಪನಿಯೇ ನಿರ್ವಹಿಸಬೇಕು. ಈ ಏರ್ಪಾಡಿನ ಮಿತಿ ಕಂಡದ್ದು ಪೀಣ್ಯದಲ್ಲಿ. ತುಮಕೂರು ರಸ್ತೆಯ ಮೇಲ್ಸೇತುವೆಯ 102 ಮತ್ತು 103ನೇ ಕಂಬಗಳ ನಡುವೆ ಕೇಬಲ್ ದೋಷ ಪತ್ತೆಯಾಗಿ, 2021ರ ಡಿಸೆಂಬರ್‌ನಲ್ಲಿ ಸಂಚಾರ ನಿಲ್ಲಿಸಬೇಕಾಯಿತು. ಲಘು ವಾಹನಗಳು 2022ರಲ್ಲಿ ಮರಳಿದವು, ಭಾರಿ ವಾಹನಗಳು ಇನ್ನೂ ಕಾಯಬೇಕಾಯಿತು. ಮೇಲ್ಮೈ ಅಳೆಯುವ ಮಾನದಂಡಕ್ಕೆ ಕಾಂಕ್ರೀಟಿನೊಳಗಿನ ಕೇಬಲ್‌ಗಳ ತುಕ್ಕು ಕಾಣದು.

ವೈಟ್‌ಫೀಲ್ಡ್‌ನಂಥ ಕಡೆಯ ಒಳರಸ್ತೆಗಳಲ್ಲಿ ತೊಡಕು ಬೇರೆ. ಜಲಮಂಡಳಿಯೋ ವಿದ್ಯುತ್ ಪೂರೈಸುವ ಬೆಸ್ಕಾಂ ಸಂಸ್ಥೆಯೋ ಅಗೆದ ಜಾಗ ಕುಸಿದರೆ ಹೊಣೆ ಯಾರದೆಂಬುದನ್ನು ಕರಾರು ಸ್ಪಷ್ಟವಾಗಿ ಹೇಳದಿದ್ದರೆ ದಂಡದ ಷರತ್ತು ಕಾಗದದಲ್ಲೇ ಉಳಿಯುತ್ತದೆ.