ಗ್ರೀಕ್ ಮೂಲ, ಕನ್ನಡ ಧಾತು: ‘ಕೇಂದ್ರೀಕರಿಸು’ ಪದದ ಅಕ್ಷರವಿಭಾಗ

ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನವು ಕ್ರಿ.ಶ. 945ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ವಿವಿಧ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದು ಅದು ತಿಳಿಸುತ್ತದೆ. ಸಂಸ್ಕೃತದ ಶಾಸ್ತ್ರಪದಗಳು ಕನ್ನಡ ನೆಲದಲ್ಲಿ ಬೇರೂರಿದುದು ಇಂಥ ವಿದ್ಯಾಸ್ಥಾನಗಳ ಮೂಲಕ. ಆದರೆ ಸಂಸ್ಕೃತದಿಂದ ಬಂದ ಪದವೆಲ್ಲ ಸಂಸ್ಕೃತದಲ್ಲಿಯೇ ಹುಟ್ಟಿದುದಲ್ಲ. ‘ಕೇಂದ್ರ’ ಅದಕ್ಕೊಂದು ನಿದರ್ಶನ.

ಗ್ರೀಕ್ ಭಾಷೆಯ ‘ಕೆಂತ್ರೋನ್’ ಎಂದರೆ ಮೊನೆ, ಚುಚ್ಚುಗೋಲು. ಮುಂದೆ ವೃತ್ತ ಬರೆಯುವ ಕೈವಾರದ ನಿಂತ ಮೊನೆ. ಜ್ಯೋತಿಷದ ಜೊತೆಗೆ ಭಾರತಕ್ಕೆ ಬಂದ ಈ ಪದ 6ನೆಯ ಶತಮಾನದ ವರಾಹಮಿಹಿರನ ‘ಬೃಹಜ್ಜಾತಕ’ದಲ್ಲಿ ಪಾರಿಭಾಷಿಕವಾಗಿ ನೆಲೆನಿಂತಿದೆ. 1049ರಲ್ಲಿ ಜೈನ ವಿದ್ವಾಂಸ ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ರಚಿಸಿ ಆ ಶಾಸ್ತ್ರವನ್ನು ಕನ್ನಡಕ್ಕೆ ತಂದನು. ಅದೇ ಗ್ರೀಕ್ ಪದ ಲ್ಯಾಟಿನ್ ಮಾರ್ಗವಾಗಿ ಫ್ರೆಂಚನ್ನು ಸೇರಿ ‘ಸಾಂತ್ರೆ’, ‘ಕೊಂಸಾಂತ್ರೆ’ ಎಂಬ ಕ್ರಿಯಾಪದಗಳಾಯಿತು. ಕನ್ನಡದಲ್ಲಿ ಆಧುನಿಕ ಕಾಲದ ‘ಕೇಂದ್ರೀಕರಿಸು’ ಅದರ ಸೋದರ ರೂಪ.

ಪರಪದವನ್ನು ಧಾತುವಾಗಿಸಲು ಕನ್ನಡಕ್ಕಿರುವ ಹೆಬ್ಬಾಗಿಲು ‘ಇಸು’ ಪ್ರತ್ಯಯ. ಭಾವಿಸು, ರಕ್ಷಿಸು, ರಂಜಿಸು ಎಲ್ಲವೂ ಹೀಗೆ ಬಂದವು. ವ್ಯಾಕರಣಕಾರರು ಇವನ್ನು ಪ್ರತ್ಯಯಾಂತ ಧಾತುಗಳೆನ್ನುತ್ತಾರೆ. ‘ಮಾಡು’ ‘ಮಾಡಿಸು’ ಆಗುವುದೂ ಇದೇ ಪ್ರತ್ಯಯದಿಂದ. ಅಂದರೆ ಹೊರಗಿನ ಪದಕ್ಕೆ ಕನ್ನಡವು ಮನೆಯ ಪ್ರತ್ಯಯವನ್ನೇ ತೊಡಿಸಿತು.

ಇನ್ನು ಅಕ್ಷರವಿಭಾಗ. ವ್ಯಾಕರಣದ ದೃಷ್ಟಿಯಲ್ಲಿ ಈ ಪದ ‘ಕೇಂದ್ರೀಕರ್ + ಇಸು’. ಓದುವಾಗಲಾದರೋ ಅದು ಕೇಂ–ದ್ರೀ–ಕ–ರಿ–ಸು. ಪ್ರಕೃತಿ ಮುಗಿದು ಪ್ರತ್ಯಯ ತೊಡಗುವ ಸಂಧಿಸ್ಥಾನವು ‘ರಿ’ ಎಂಬ ಒಂದೇ ಅಕ್ಷರದೊಳಗೆ ಅಡಗಿದೆ. ಫ್ರೆಂಚಿನಲ್ಲಿಯೂ ಬರಹದ ವಿಭಾಗವು ಪ್ರಕೃತಿಯ ಕೊನೆಯ ‘ತ್ರ್’ ಅನ್ನು ಪ್ರತ್ಯಯದೊಂದಿಗೆ ಕೂಡಿಸಿ ‘ತ್ರೆ’ ಎಂದೇ ಎತ್ತಿಕೊಳ್ಳುತ್ತದೆ. ಎರಡೂ ಭಾಷೆಗಳಲ್ಲಿ ನಾಲಗೆಯ ಗಡಿ ಬೇರೆ, ವ್ಯಾಕರಣದ ಗಡಿ ಬೇರೆ.

ಛಂದಸ್ಸಿನಲ್ಲಿ ಮತ್ತೊಂದು ಗಡಿ ಕಾಣುತ್ತದೆ. ಮಾತ್ರೆಯ ಲೆಕ್ಕದಲ್ಲಿ ಈ ಪದಕ್ಕೆ ಎರಡು ಗುರು, ಮೂರು ಲಘು. ಒಟ್ಟು 7 ಮಾತ್ರೆ. ಆಗ ಇಂಡಿ ತಾಲ್ಲೂಕಿನದೇ ಆಗಿದ್ದ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ತ್ರಿಪದಿಗಳ ಲೆಕ್ಕ ಅಂಶದ್ದು. ಗಣದ ಮೊದಲಲ್ಲಿ ಎರಡು ಲಘು ಸೇರಿ ಒಂದಂಶ. ಉಳಿದೆಡೆ ಗುರುವಾಗಲಿ ಲಘುವಾಗಲಿ ಒಂದಂಶ. ಆ ಪ್ರಕಾರ ‘ಕೇಂದ್ರೀ’ ಒಂದು ಬ್ರಹ್ಮಗಣ, ‘ಕರಿಸು’ ಇನ್ನೊಂದು. ನಾಲ್ಕು ಮಾತ್ರೆಯ ತುಂಡೂ ಮೂರು ಮಾತ್ರೆಯ ತುಂಡೂ ಇಲ್ಲಿ ಸರಿಸಮ.

ಸಂಶೋಧಕರು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ನಿಷ್ಪತ್ತಿ ಹುಡುಕುವಾಗ ಪ್ರತ್ಯಯದ ಗಡಿಯಲ್ಲಿ ಬಿಡಿಸಬೇಕು. ಪ್ರಸ್ತಾರ ಹಾಕುವಾಗ ಅಕ್ಷರದ ಗಡಿಯಲ್ಲಿ. ಒಂದನ್ನು ಇನ್ನೊಂದರ ಮೇಲೆ ಹೇರಿದರೆ ವ್ಯುತ್ಪತ್ತಿಯೂ ಕೆಡುತ್ತದೆ, ಗಣವೂ ತಪ್ಪುತ್ತದೆ. ಪದವೊಂದು ಕನ್ನಡದ್ದು ಹೌದೋ ಅಲ್ಲವೋ ಎಂಬುದನ್ನು ಅದರ ಹುಟ್ಟೂರೊಂದೇ ನಿರ್ಣಯಿಸಲಾರದು. ‘ಇಸು’ ಹಚ್ಚಿಕೊಂಡು, ಕನ್ನಡದ ಗಣಕ್ಕೆ ಒಗ್ಗಿದ ಗ್ರೀಕ್ ಮೊನೆಯೂ ಕನ್ನಡದ ಧಾತುವೇ.