ಸತ್ತವರ ಮೇಲೆ ಹೂಡಿದ ಮೊಕದ್ದಮೆ: ಐಸ್‌ಲ್ಯಾಂಡಿನ ಸಾಗಾಗಳಲ್ಲಿ ದ್ರೌಗರ್

ನಾರ್ಸ್ ಪುರಾಣದ ಘೋರ ಜೀವಿಗಳು ಎಂದಕೂಡಲೇ ಲೋಕಿಯ ಮೂವರು ಮಕ್ಕಳ ಹೆಸರು ಮುಂದೆ ಬರುತ್ತದೆ. ಫೆನ್ರಿರ್ ಎಂಬ ತೋಳ, ಭೂಮಿಯನ್ನು ಬಳಸಿ ತನ್ನ ಬಾಲವನ್ನೇ ಕಚ್ಚಿಕೊಂಡಿರುವ ಮಿಡ್‌ಗಾರ್ಡ್ ಸರ್ಪ, ಸತ್ತವರ ಲೋಕವನ್ನಾಳುವ ಹೆಲ್. ತೋಳವನ್ನು ಕಟ್ಟಿಹಾಕಲು ಎರಡು ಸಂಕೋಲೆಗಳು ಸಾಲದೆ ಹೋದಾಗ ಕುಬ್ಜರು ಮೂರನೆಯದನ್ನು ಹೊಸೆದು ಕೊಟ್ಟರಂತೆ. ಬೆಕ್ಕಿನ ಹೆಜ್ಜೆಸಪ್ಪಳ, ಹೆಣ್ಣಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು ಸೇರಿದರೆ ಗ್ಲೈಪ್ನಿರ್ ಎಂಬ ಆ ಪಟ್ಟಿ. ಅದನ್ನು ತೊಡಿಸಿಕೊಳ್ಳಬೇಕಾದರೆ ಒಬ್ಬ ದೇವರು ತನ್ನ ಕೈಯನ್ನು ಒತ್ತೆಯಾಗಿ ಬಾಯಲ್ಲಿಡಬೇಕೆಂದು ತೋಳ ಹಟ ಹಿಡಿಯಿತು. ಟೀರ್ ಇಟ್ಟ. ಕೈ ಹೋಯಿತು.

ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಿದವನು ಸ್ನೊರಿ ಸ್ಟುರ್ಲುಸನ್. ಅವನ ‘ಎಡ್ಡಾ’ ಸಿದ್ಧವಾದದ್ದು ಸುಮಾರು 1220ರಲ್ಲಿ, ಅಂದರೆ ಐಸ್‌ಲ್ಯಾಂಡ್ ಕ್ರೈಸ್ತ ಮತಕ್ಕೆ ಬಂದು ಎರಡು ಶತಮಾನ ಕಳೆದ ಮೇಲೆ. ಹಾಗಾಗಿ ಇದರಲ್ಲಿ ಹಳೆಯದೆಷ್ಟು, ಸ್ನೊರಿಯ ಕೈಚಳಕವೆಷ್ಟು ಎಂಬ ಪ್ರಶ್ನೆ ಸಂಶೋಧಕರನ್ನು ಬಿಟ್ಟಿಲ್ಲ. ಕೆಲವು ಕಡೆ ಕಲ್ಲುಗಳೇ ಸಾಕ್ಷಿ ನುಡಿಯುತ್ತವೆ. ಥಾರ್ ಎತ್ತಿನ ತಲೆಯನ್ನು ಗಾಳಕ್ಕೆ ಸಿಕ್ಕಿಸಿ ಸರ್ಪವನ್ನು ಎಳೆಯುವಾಗ ಅವನ ಕಾಲು ದೋಣಿಯ ತಳವನ್ನು ತೂರಿ ಹೊರಬಂತು ಎನ್ನುತ್ತಾನೆ ಸ್ನೊರಿ. ಸ್ವೀಡನ್ನಿನ ಉಪ್‌ಲ್ಯಾಂಡ್ ಪ್ರಾಂತದ ಆಲ್ಟುನಾದಲ್ಲಿರುವ 11ನೇ ಶತಮಾನದ ಶಿಲೆಯಲ್ಲಿ ದೋಣಿಯ ತಳ ತೂರಿದ ಆ ಕಾಲು ಹಾಗೆಯೇ ಕೆತ್ತಿದೆ. ಈ ವಿವರ ಸ್ನೊರಿ ಹುಟ್ಟಿಸಿದ್ದಲ್ಲ ಎನ್ನಲು ಇಷ್ಟು ಸಾಕು.

ಆದರೆ ಫೆನ್ರಿರ್‌ಗೆ ಹೆದರಿ ರಾತ್ರಿ ಬಾಗಿಲಿಗೆ ಅಗುಳಿ ಹಾಕಿದ ರೈತನೊಬ್ಬನೂ ಐಸ್‌ಲ್ಯಾಂಡಿನ ಗದ್ಯಕಥನಗಳಾದ ಸಾಗಾಗಳಲ್ಲಿ ಸಿಗುವುದಿಲ್ಲ. ತೋಳ, ಸರ್ಪಗಳು ದೇವತೆಗಳ ಪಾಲಿನ ಶತ್ರುಗಳು. ಅವುಗಳ ಸರದಿ ಬರುವುದು ಲೋಕ ಮುಳುಗುವ ದಿನ. ಐಸ್‌ಲ್ಯಾಂಡಿನ ಜನ ಚಳಿಗಾಲದ ರಾತ್ರಿಗಳಲ್ಲಿ ನಿಜವಾಗಿ ಅಂಜಿದ್ದು ದ್ರೌಗರ್‌ಗೆ: ಸತ್ತು ಹೂತ ಮೇಲೂ ಎದ್ದು ಓಡಾಡುವ ಹೆಣಕ್ಕೆ. ನಮ್ಮ ದೆವ್ವದ ಹಾಗೆ ಇದು ಗಾಳಿಯಲ್ಲ, ನೆರಳಲ್ಲ. ಇದಕ್ಕೆ ಮೈಯಿದೆ, ಎತ್ತಿನಷ್ಟು ತೂಕವಿದೆ. ಮಾಳಿಗೆ ಹತ್ತಿ ತೊಲೆ ಮುರಿಯುತ್ತದೆ, ದನದ ಬೆನ್ನು ಮುರಿಯುತ್ತದೆ, ಕುರಿಗಾಹಿಯ ಕತ್ತು ತಿರುವುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದು ಗೊತ್ತಿದ್ದವನ ಹೆಣ. ನಿನ್ನೆಯ ಆಳು, ಪಕ್ಕದ ಹೊಲದವನು, ಮನೆಯ ಯಜಮಾನ.

‘ಲಾಕ್ಸ್‌ಡೇಲಾ ಸಾಗಾ’ದ ಹ್ರಾಪ್ ಬದುಕಿದ್ದಾಗಲೇ ನೆರೆಹೊರೆಗೆ ಕಂಟಕ. ಸಾಯುವಾಗ ತನ್ನನ್ನು ಅಡುಗೆಮನೆಯ ಹೊಸ್ತಿಲ ಕೆಳಗೆ ನಿಂತ ಭಂಗಿಯಲ್ಲೇ ಹೂಳಬೇಕೆಂದು ಹೆಂಡತಿಗೆ ಹೇಳಿದ, ಮನೆಯ ಮೇಲೆ ಕಣ್ಣಿಡುವುದಕ್ಕೆ ಅದೇ ಅನುಕೂಲವೆಂದು. ‘ಎಯಿರ್‌ಬಿಗ್ಯಾ ಸಾಗಾ’ದ ಕುಂಟಗಾಲಿನ ಥೊರೊಲ್ಫ್‌ ಕೂತಲ್ಲೇ ಸತ್ತಾಗ ಮಗ ಆರ್ನ್‌ಕೆಲ್ ಹೆಣವನ್ನು ಬಾಗಿಲಿನಿಂದ ಒಯ್ಯಲಿಲ್ಲ. ಗೋಡೆ ಒಡೆಸಿ ಹೊರಗೆ ಎಳೆಸಿದ. ಆದರೂ ಅವನು ಬಂದ. ಕಡೆಗೆ ಹೆಣ ಸುಟ್ಟರೆ, ಬೂದಿ ಹತ್ತಿದ ಕಲ್ಲುಗಳನ್ನು ನೆಕ್ಕಿದ ಹಸುವಿಗೆ ಹುಟ್ಟಿದ ಹೋರಿ ಮುಂದೆ ತನ್ನ ಒಡೆಯನನ್ನೇ ತಿವಿದು ಕೊಂದಿತು. ಬದುಕಿದ್ದಾಗಿನ ಸಿಟ್ಟು, ಜಿಪುಣತನ, ಜಗಳಗಂಟಿತನ ಸಾವಿನ ಆಚೆಗೂ ಹರಿದುಹೋಗುತ್ತವೆ ಎಂಬುದು ಈ ಕಥೆಗಳ ತಿರುಳು.

ಇದೇ ಸಾಗಾದಲ್ಲಿ ಬರುವ ಫ್ರೋಡಾ ಮನೆಯ ಪ್ರಸಂಗಕ್ಕೆ ಸಾಟಿಯಾದದ್ದು ಮಧ್ಯಯುಗದ ಯುರೋಪಿನ ಸಾಹಿತ್ಯದಲ್ಲೇ ಅಪರೂಪ. ನಡೆದ ಜಾಗ ಪಶ್ಚಿಮದ ಸ್ನೈಫೆಲ್ಸ್‌ನೆಸ್ ಪರ್ಯಾಯದ್ವೀಪ. ಕಾಲ, ಕ್ರೈಸ್ತ ಮತ ಕಾನೂನಾದ 1000ನೇ ಇಸವಿಯ ಬೇಸಿಗೆ. ಹೆಬ್ರಿಡೀಸ್ ದ್ವೀಪಗಳಿಂದ ಬಂದ ಥೊರ್ಗುನ್ನಾ ಎಂಬ ಹೆಂಗಸು ಸಾಯುವ ಮುನ್ನ ತನ್ನ ಬೆಲೆಬಾಳುವ ಹಾಸಿಗೆ, ಪರದೆಗಳನ್ನು ಸುಟ್ಟುಬಿಡಿ ಎಂದಳು. ಮನೆಯೊಡತಿ ಥುರಿದ್‌ಗೆ ಆಸೆ, ಒಳ್ಳೆಯವನ್ನು ಉಳಿಸಿಕೊಂಡಳು. ಹೆಣವನ್ನು ಸ್ಕಾಲ್‌ಹೋಲ್ಟ್‌ಗೆ ಹೊತ್ತೊಯ್ಯುವ ದಾರಿಯಲ್ಲಿ ಒಬ್ಬ ರೈತ ಊಟ ಹಾಕಲು ಒಪ್ಪಲಿಲ್ಲ. ನಡುರಾತ್ರಿ ಉಗ್ರಾಣದಲ್ಲಿ ಸದ್ದು. ನೋಡಿದರೆ ಥೊರ್ಗುನ್ನಾ ಬತ್ತಲೆ ನಿಂತು ಅಡುಗೆ ಮಾಡುತ್ತಿದ್ದಾಳೆ! ಹೆಣ ಹೊತ್ತವರಿಗೆ ತಾನೇ ಬಡಿಸಿ ಅವಳು ಹೊರಟಳು. ರೈತನ ಆತಿಥ್ಯಕ್ಕೆ ಆಮೇಲೆ ಯಾವ ಕೊರತೆಯೂ ಇರಲಿಲ್ಲ.

ಫ್ರೋಡಾದಲ್ಲಿ ಮಾತ್ರ ಸಾವುಗಳು ಸಾಲುಗಟ್ಟಿದವು. ಕುರಿಗಾಹಿ ಸತ್ತ, ಅವನ ಹಿಂದೆ ಮರಗಾಲಿನ ಥೋರಿರ್ ಸತ್ತ, ಇಬ್ಬರೂ ಕೂಡಿ ಕಾಟ ಕೊಡತೊಡಗಿದರು. ಒಣಮೀನು ತರಲು ಕಡಲಿಗಿಳಿದ ಯಜಮಾನ ಥೊರೊಡ್ ತನ್ನ ಆಳುಗಳೊಂದಿಗೆ ಮುಳುಗಿದ. ಅವನ ತಿಥಿಯೂಟದ ರಾತ್ರಿ ಮುಳುಗಿದವರೆಲ್ಲ ನೀರು ತೊಟ್ಟಿಕ್ಕಿಸುತ್ತ ಬಂದು ಬೆಂಕಿಯ ಸುತ್ತ ಕೂತರು. ಮೊದಲ ದಿನ ಜನಕ್ಕೆ ಖುಷಿಯೇ ಆಯಿತು, ಏಕೆಂದರೆ ಮುಳುಗಿದವರು ತಮ್ಮ ತಿಥಿಗೆ ಬಂದರೆ ಕಡಲದೇವಿ ರಾನ್ ಅವರನ್ನು ಚೆನ್ನಾಗಿ ನೋಡಿಕೊಂಡಿದ್ದಾಳೆಂದು ನಂಬಿಕೆ. ಊಟ ಮುಗಿದರೂ ಅವರು ಬರುವುದು ನಿಲ್ಲಲಿಲ್ಲ. ಇವರು ಬಟ್ಟೆ ಹಿಂಡುವರು. ಮಣ್ಣಾದ ಥೋರಿರ್‌ನ ಗುಂಪು ಎದುರು ಕೂತು ಇವರ ಮೇಲೆ ಮಣ್ಣು ಕೊಡವುವುದು. ಬದುಕಿದ್ದವರು ಬೇರೆ ಕೋಣೆಯಲ್ಲಿ ಬೆಂಕಿ ಹಾಕಿಕೊಳ್ಳಬೇಕಾಯಿತು. ಮೂವತ್ತು ಆಳುಗಳಲ್ಲಿ 18 ಮಂದಿ ಸತ್ತು, 5 ಮಂದಿ ಓಡಿಹೋಗಿ, 7 ಮಂದಿ ಉಳಿದರೆಂದು ಸಾಗಾ ಲೆಕ್ಕ ಒಪ್ಪಿಸುತ್ತದೆ.

ಥುರಿದ್‌ಳ ಸೋದರ ಸ್ನೊರಿ ಗೊಡಿ (‘ಎಡ್ಡಾ’ ಬರೆದ ಸ್ನೊರಿಯಲ್ಲ) ಕೊಟ್ಟ ಸಲಹೆ ಖಡ್ಗದ್ದಲ್ಲ. ಹಾಸಿಗೆ ಸುಡಿ, ಬಾಗಿಲಲ್ಲಿ ನ್ಯಾಯಾಲಯ ಕೂಡಿಸಿ ಎಂದ. ಥುರಿದ್‌ಳ ಮಗ ಕ್ಯಾರ್ತನ್ ಥೋರಿರ್ ಮೇಲೆ ದಾವೆ ಹೂಡಿದ; ಯಜಮಾನ ಥೊರೊಡ್ ಮೇಲೆ ಇನ್ನೊಬ್ಬನು ಹೂಡಿದ. ಆರೋಪ ಇಷ್ಟೇ: ಅಪ್ಪಣೆಯಿಲ್ಲದೆ ಮನೆಯಲ್ಲಿ ಓಡಾಡಿದ್ದು, ಜನರ ಪ್ರಾಣಕ್ಕೂ ಆರೋಗ್ಯಕ್ಕೂ ಕುತ್ತು ತಂದದ್ದು. ಸಾಕ್ಷಿಗಳಾದವು, ಪಂಚರು ತೀರ್ಪಿತ್ತರು. ಸತ್ತವರು ಒಬ್ಬೊಬ್ಬರಾಗಿ ತಮ್ಮ ತೀರ್ಪು ಕೇಳಿ, ಒಲ್ಲದ ಮನಸ್ಸಿನಿಂದ ಗೊಣಗುತ್ತ ಎದ್ದು ಹೋದರು. ಪಾದ್ರಿಯ ತೀರ್ಥಪ್ರೋಕ್ಷಣೆ ಅದಾದ ಮೇಲೆ. ಮನೆ ಖಾಲಿ ಮಾಡಿಸಿದ್ದು ಕಾನೂನು. ಶುದ್ಧಿ ಮಾಡಿದ್ದಷ್ಟೇ ಚರ್ಚು.

ನಗು ತರಿಸುವ ಈ ಪ್ರಸಂಗದ ಹಿಂದೆ ಗಂಭೀರವಾದ ಚರಿತ್ರೆಯಿದೆ. ಐಸ್‌ಲ್ಯಾಂಡಿಗೆ ರಾಜನಿರಲಿಲ್ಲ. 930ರ ಸುಮಾರಿಗೆ ಸೇರತೊಡಗಿದ ಆಲ್ತಿಂಗ್ ಸಭೆ ತೀರ್ಪು ಕೊಡುತ್ತಿತ್ತು, ಅದನ್ನು ಜಾರಿಗೊಳಿಸಲು ಸೈನಿಕರಿರಲಿಲ್ಲ. ಗೆದ್ದ ಕಕ್ಷಿದಾರನೇ ಜಾರಿಮಾಡಿಕೊಳ್ಳಬೇಕು. ಕಾನೂನಿನ ಬಲವೆಲ್ಲ ಜನ ಅದಕ್ಕೆ ತಲೆಬಾಗುವುದರಲ್ಲಿತ್ತು. ದೇಶ 1262–64ರಲ್ಲಿ ನಾರ್ವೆಯ ದೊರೆಗೆ ಅಧೀನವಾಯಿತು. ‘ಎಯಿರ್‌ಬಿಗ್ಯಾ’ ಬರೆಯಲ್ಪಟ್ಟದ್ದು ಅದೇ 13ನೇ ಶತಮಾನದ ಮಧ್ಯಭಾಗದ ಆಸುಪಾಸಿನಲ್ಲಿ. ಹಳೆಯ ವ್ಯವಸ್ಥೆ ಕುಸಿಯುತ್ತಿದ್ದ ಕಾಲದಲ್ಲಿ ಕೂತ ಲೇಖಕ, ಒಂದು ಕಾಲಕ್ಕೆ ನಮ್ಮ ಕಾನೂನಿಗೆ ಹೆಣಗಳೂ ಮಣಿಯುತ್ತಿದ್ದವು ಎಂದು ಬರೆದಂತಿದೆ. ಇದನ್ನು ಬರೀ ಹಾಸ್ಯವೆಂದು ಓದುವುದು ಅವನಿಗೆ ಮಾಡುವ ಅನ್ಯಾಯ.

ಕಾನೂನಿನ ಬದಲು ತೋಳ್ಬಲ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ‘ಗ್ರೆಟ್ಟಿರ್ ಸಾಗಾ’ ಇದೆ. ಥೊರ್ಹಾಲ್ ಎಂಬ ರೈತ ತನ್ನ ಕಾಟದ ಕಣಿವೆಗೆ ಗಟ್ಟಿ ಕುರಿಗಾಹಿಯನ್ನು ಹುಡುಕಿ ಆಲ್ತಿಂಗ್‌ಗೆ ಹೋಗುತ್ತಾನೆ. ಸ್ವೀಡನ್ನಿನ ಗ್ಲಾಮ್‌ನನ್ನು ಸೂಚಿಸಿದವನು ಸ್ಕಾಪ್ತಿ, ದೇಶದ ಕಾನೂನನ್ನೇ ಬಾಯಿಪಾಠವಾಗಿ ಹೇಳಬೇಕಾದ ಅಧಿಕಾರಿ! ಕ್ರಿಸ್ಮಸ್ ಹಿಂದಿನ ದಿನದ ಉಪವಾಸವನ್ನು ಹೀಯಾಳಿಸಿ, ಹೊಟ್ಟೆತುಂಬ ಉಂಡು ಹಿಮಗಾಳಿಗೆ ಹೋದ ಗ್ಲಾಮ್ ಹೆಣವಾಗಿ ಸಿಕ್ಕ, ಕಪ್ಪಿಟ್ಟು ಊದಿಕೊಂಡು. ಅವನ ಕಾಟಕ್ಕೆ ಕಣಿವೆಯೇ ಬರಿದಾಯಿತು. ಗ್ರೆಟ್ಟಿರ್ ಬಂದು ಅವನೊಂದಿಗೆ ಮನೆಯೇ ಮುರಿಯುವಂತೆ ಹೆಣಗಾಡಿ, ಹೊರಗೆ ಕೆಡವಿದ. ಆ ಗಳಿಗೆಯಲ್ಲಿ ಮೋಡ ಸರಿದು ಬೆಳದಿಂಗಳು ಬಿತ್ತು. ಗ್ಲಾಮ್‌ನ ಕಣ್ಣು ಕಂಡು ಗ್ರೆಟ್ಟಿರ್ ಸ್ತಬ್ಧನಾದ. ನಿನ್ನ ಬಲ ಇನ್ನು ಬೆಳೆಯದು, ನೀನು ಬಹಿಷ್ಕೃತನಾಗುವೆ, ಈ ಕಣ್ಣುಗಳು ಸದಾ ನಿನ್ನೆದುರು ಇರುತ್ತವೆ ಎಂದು ಹೆಣ ಶಪಿಸಿತು. ಗ್ರೆಟ್ಟಿರ್ ತಲೆ ಕಡಿದು ತೊಡೆಯ ಬಳಿ ಇಟ್ಟ. ಹೆಣ ಸುಟ್ಟು, ಬೂದಿಯನ್ನು ದಾರಿಯಿಂದ ದೂರ ಹೂಳಿದರು. ಆದರೂ ಶಾಪ ಹತ್ತಿತು. ಐಸ್‌ಲ್ಯಾಂಡಿನ ಅತಿ ಬಲಶಾಲಿ ಗಂಡಸು ಕತ್ತಲಿಗೆ ಹೆದರಿದ, ಒಂಟಿಯಾಗಿರಲಾರದೆ ಬಹಿಷ್ಕಾರದ ವರ್ಷಗಳನ್ನು ಕಳೆದ, ಡ್ರಾಂಗೇ ದ್ವೀಪದಲ್ಲಿ ಶತ್ರುಗಳ ಕೈಗೆ ಸಿಕ್ಕು ಸತ್ತ. ದ್ವೀಪ ಹತ್ತುವ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳದೆ ಮಲಗಿದವನು, ಜೊತೆಗಿರಲೆಂದು ಕರೆತಂದ ಆಳು.

ನೆಲದಲ್ಲಿ ಇದಕ್ಕೆ ಪುರಾವೆ ಇದೆಯೇ? ಡೆನ್ಮಾರ್ಕಿನ ರೋಸ್ಕಿಲ್ಡೆ ಬಳಿ ಗೆರ್ಡ್ರಪ್‌ನಲ್ಲಿ 1981ರಲ್ಲಿ ಸಿಕ್ಕ ವೈಕಿಂಗ್ ಕಾಲದ ಸಮಾಧಿಯೊಂದರಲ್ಲಿ ಹೆಂಗಸಿನ ದೇಹದ ಮೇಲೆ ದೊಡ್ಡ ಬಂಡೆಗಳನ್ನಿಟ್ಟಿದ್ದರು. ಏಳದಿರಲೆಂದು ಎನ್ನುವುದು ಆಕರ್ಷಕ ವಿವರಣೆ. ಆದರೆ ಸಾಗಾ ಓದಿಕೊಂಡು ಸಮಾಧಿ ಅಗೆಯುವವರಿಗೆ ಪ್ರತಿ ಬಂಡೆಯ ಕೆಳಗೂ ಒಬ್ಬ ಗ್ಲಾಮ್ ಕಾಣುವ ಅಪಾಯವಿದೆ. ಸಾಗಾಗಳು ಐಸ್‌ಲ್ಯಾಂಡಿನವು, ಘಟನೆಗಳಾಗಿ ಎರಡು ಮೂರು ಶತಮಾನದ ಮೇಲೆ ಬರೆದವು. ಎರಡನ್ನೂ ನೇರವಾಗಿ ಜೋಡಿಸುವುದು ಅವಸರವಾದೀತು.

ಬಾಳಿಕೆಯಲ್ಲಿ ಮಾತ್ರ ಹೆಣವೇ ತೋಳವನ್ನು ಗೆದ್ದಿತು. ಯೋನ್ ಆರ್ನಾಸನ್ 1862–64ರಲ್ಲಿ ಪ್ರಕಟಿಸಿದ ಜನಪದ ಕಥಾಸಂಗ್ರಹದಲ್ಲಿ ಎದ್ದು ಬರುವ ಸತ್ತವರ ಕಥೆಗಳು ಧಾರಾಳವಾಗಿವೆ. ಮಿರ್ಕಾ ಊರಿನ ಸತ್ತ ಡೀಕನ್ ತನ್ನ ಪ್ರೇಯಸಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ನೇರ ತನ್ನ ಸಮಾಧಿಗೇ ಒಯ್ಯುವ ಕಥೆ ಅದರಲ್ಲಿ ಹೆಸರಾದದ್ದು. 2011ರ ‘ಸ್ಕೈರಿಮ್’ ವಿಡಿಯೊ ಗೇಮ್ ದ್ರೌಗರ್ ಹೆಸರನ್ನು ಜಗತ್ತಿಗೆಲ್ಲ ಹಬ್ಬಿಸಿತಾದರೂ ಅಲ್ಲಿ ಅದು ಕತ್ತಿಗೆ ಸಿಕ್ಕಿ ಬೀಳುವ ಹೆಸರಿಲ್ಲದ ಎದುರಾಳಿ. ನೆರೆಯವನ ಮುಖ ಅದಕ್ಕಿಲ್ಲ. ನಾರ್ಸ್ ಜಗತ್ತಿನ ಭಯವನ್ನು ತಿಳಿಯಬಯಸುವವರು ‘ಎಡ್ಡಾ’ಕ್ಕೂ ಮೊದಲು ‘ಎಯಿರ್‌ಬಿಗ್ಯಾ’ ಓದಲಿ. ವಿಲಿಯಂ ಮಾರಿಸ್ ಮತ್ತು ಐರಿಕುರ್ ಮ್ಯಾಗ್ನುಸನ್ ಮಾಡಿದ ಅದರ ಇಂಗ್ಲಿಷ್ ಅನುವಾದ 1892ರಲ್ಲೇ ಬಂದಿದೆ.